ನೀಲಿ ಆಕಾಶದ ಶಾಲು

ಕಾರ್ಖಾನೆಗಳ ಹೊಲಸು ನೀರಿನಿಂದ ಏಳುವ ಅನಿಲಕ್ಕೆ ಹಳದಿ ಬಣ್ಣ ಬಂದಾಗಿನಿಂದ, ಆಕಾಶ ನೀಲಿಯಾಗಿರುವ ಜಿಲ್ಲೆಯ ಕಾರ್ಖಾನೆಯವರಿಗೆ ಸರಕಾರ ಶಾಲು ಹೊದಿಸಿ ಸನ್ಮಾನ ಮಾಡುತ್ತಿತ್ತು. ಅದಕ್ಕೇ ಪ್ರತಿ ವರ್ಷ ಸನ್ಮಾನಕ್ಕೆ ಮುಂಚೆ, ಶಾಲಿಗಾಗಿ ಜೊಲ್ಲು ಸುರಿಸುವ ಸಕ್ಕರೆ ಕಾರ್ಖಾನೆಯ ಮ್ಯಾನೇಜರ್ ಪಟ್ಟಣಶೆಟ್ಟಿ ತನ್ನ ಹೊಲಸನ್ನು ಡ್ರೈವರ್ ಕಸ್ತೂರೆವ್ವನ ಟ್ಯಾಂಕರಿಗೆ ತುಂಬಿಸಿ ಪಕ್ಕದ ಜಿಲ್ಲೆಗೆ ಅಟ್ಟುತ್ತಿದ್ದ.

ಈ ಸಲ ಗಡಿಯ ಸೇತುವೆಯ ಮೇಲೆ ಎದುರಿನಿಂದಲೂ ಒಂದು ಟ್ಯಾಂಕರ್ ಬಂತು.

“ಎಲ್ಲಿಗಿ ಹೊಂಟಿ ಅಣ್ಣಾ?” ಎಂದಳು ಕಸ್ತೂರೆವ್ವ.

“ನಿಮ್ಮ ಜಿಲ್ಲಾದಾಗ ಸುರವಾಕ, ಅಕ್ಕಾ. ನಮ್ಮ ಸಾಹೇಬ್ರಿಗೂ ಶಾಲು ಬೇಕಂತ.”

“ಥೂ, ಇವರ ಶಾಲಿಗಿಷ್ಟು ಬೆಂಕಿ ಹಚ್ಚ!” ಎಂದು ಅವಳು ಟ್ಯಾಂಕರ್ ತಿರುಗಿಸಿದಳು.

ಮಂತ್ರಿಗಳು ಪಟ್ಟಣಶೆಟ್ಟಿಗೆ ಶಾಲು ಹೊದಿಸುವಾಗ ಕಸ್ತೂರೆವ್ವ ವೇದಿಕೆಯ ಹಿಂದೆ ನಿಲ್ಲಿಸಿದ ಟ್ಯಾಂಕರಿನ ನಲ್ಲಿ ತಿರುವಿದಳು. ಶಾಲು, ಮೀಸೆ, ಹಲ್ಲು ಎಲ್ಲ ಹಳದಿ ಅನಿಲದಲ್ಲಿ ಮುಳುಗಿದವು.

“ಏನಬೇ ಇದು?” ಎಂದು ಅವನು ಚೀರಿದ.

“ನಿಮ್ಮದ ರೀ ಸಾಹೇಬ್ರ. ಪಕ್ಕದ ಜಿಲ್ಲಾದವರಿಗೆ ಅವರದ ಸಾಕಾಗೇತಿ.”