ಸುಮತಿಯ ಸರ, ನನ್ನ ಕತ್ತು

ಸರದ ತಿರುಪು ಬಿಗಿಯಾದಾಗ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಆ ವಾಸನೆಗೆ ಈಗಲೂ ಪಾಲಕೋಡಿನ ಒಂದು ದಿನ ಬಂದು ಕತ್ತಿಗೆ ಜೋತುಬೀಳುತ್ತದೆ.

ಸೇಲಂನ ಅತ್ತೆ ತನ್ನ ಮಗಳು ಸುಮತಿಗೆ ಚಿನ್ನದ ಸರ ಕೊಳ್ಳಲು ನಮ್ಮೂರಿಗೆ ಬಂದಿದ್ದಳು. ಸುಮತಿಗೆ ಸ್ಕೂಲಿತ್ತು, ಅದಕ್ಕೆ ಅಳತೆಗೆ ಅವಳ ವಾರಗೆಯ ನನ್ನ ಕತ್ತು.

"ಕೊಕ್ಕೆ ಬ್ಯಾಡಮ್ಮ, ಆಡೋ ಮಕ್ಕಳ್ಗೆ ಬಿಚ್ಕಂಡು ಓಯ್ತದೆ. ತಿರುಪು ಆಕ್ಸು," ಅಂದ ಚಿನ್ನದಂಗಡಿಯ ಆಚಾರಿ.

"ಕುಣಿಯೇ, ನೋಡಾನ," ಅಂದಳು ಅತ್ತೆ.

ಕೊಕ್ಕೆಯ ಸರ ಮೊದಲ ನೆಗೆತಕ್ಕೇ ಬಿತ್ತು. ತಿರುಪಿನ ಸರ ಹಾಕಿಕೊಂಡು ಅಂಗಡಿಯ ತಕ್ಕಡಿ ನಡುಗುವಂತೆ ಕುಣಿದೆ, ಅದು ಅಲ್ಲಾಡಲಿಲ್ಲ. ಸುಮತಿಯ ಕತ್ತು ನೆನೆದು ಹೊಟ್ಟೆ ಉರಿಯಿತು. ಕೈ ಹಿಂದೆ ಹಾಕಿ ತಿರುಪನ್ನು ಇನ್ನಷ್ಟು ಬಿಗಿದೆ. ಬಿಚ್ಚಲು ಹೋದ ಆಚಾರಿ, ಮುರಿದೀತೆಂದು ಇಕ್ಕಳ ಕೆಳಗಿಟ್ಟ.

"ನನ್ ಕತ್ತಲ್ಲೇ ಇರ್ಲಿ ಬುಡತ್ತೆ, ಭದ್ರವಾಗಿರ್ತದೆ."

"ಅಡಿ ಕಳ್ಳಿ," ಅಂದಳು ಅತ್ತೆ ಸೇಲಂ ತಮಿಳಿನಲ್ಲಿ.

ಸರ ಸಮೇತ ಮನೆಗೆ ಬಂದು ಊರಿಗೆಲ್ಲ ತೋರಿಸಿದೆ, ನಮ್ಮ ಎಮ್ಮೆಗೆ ಎರಡು ಸಲ. ಸಂಜೆ ಅವ್ವ ಕೊಬ್ಬರಿ ಎಣ್ಣೆ ಬಿಟ್ಟಳು. ತಿರುಪು ಸುಮ್ಮನೆ ಜಾರಿ ಬಂತು. ಅತ್ತೆ ಸರವನ್ನು ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ಅವ್ವ ಮಾತ್ರ ಆ ಎಣ್ಣೆ ಕೈಯಲ್ಲಿ ನನ್ನ ಬರಿ ಕತ್ತನ್ನು ತುಂಬಾ ಹೊತ್ತು ತಿಕ್ಕುತ್ತಲೇ ಕೂತಿದ್ದಳು.