ಹಿಡಿಕೆಯಿಲ್ಲದ ಬಾಗಿಲು

ಚರ್ಚಿನ ಮುಂದೆ ಕಾರು ನಿಂತಿತು. ವಾರ್ಡೆಲ್ ಮುಂದಿನ ಸೀಟಿನಿಂದ ಒಂದು ಕಾಲನ್ನು ನೆಲಕ್ಕಿಟ್ಟು ಕೋಲಿಗಾಗಿ ತಡಕಾಡುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿ ಲುವೀನಿಯಾ ಕೂತಿದ್ದ ಕಡೆಯ ಹಿಂದಿನ ಬಾಗಿಲು ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು. ಕಾರು ಓಡಿಸುತ್ತಿದ್ದ ಮೊಮ್ಮಗಳು ಬ್ರಿಯಾನಾ ಕೂತಲ್ಲಿಂದಲೇ ಒಂದು ಗುಂಡಿ ಒತ್ತಿದ್ದಳು.

"ನೋಡು ತಾತ, ಕೈ ಹಚ್ಚೋದೇ ಬೇಡ! ಅಜ್ಜಿ, ಇಳಿ."

ವಾರ್ಡೆಲ್ ಕೋಲು ಹುಡುಕುವುದನ್ನು ಬಿಟ್ಟು ತಿರುಗಿ ನೋಡಿದ. ಆ ಬಾಗಿಲು ತೆಗೆಯುವುದು ಅವನ ಕೆಲಸ. ಮದುವೆಗೆ ಮೊದಲಿನಿಂದಲೂ ಅವನದೇ.

ಆಗೆಲ್ಲ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕ್ಯಾಡಿಲಾಕ್ ಎಂದರೆ ಸಿರಿವಂತರ ಗಾಡಿ. ವಾರ್ಡೆಲ್ ಅದರ ಕಾರ್ಖಾನೆಯಲ್ಲಿ ಬಾಗಿಲು ಕೂರಿಸುತ್ತಿದ್ದ. ಲುವೀನಿಯಾ ಸರೋವರದ ದಂಡೆಯ ಬಂಗಲೆಯೊಂದರಲ್ಲಿ ಮನೆಗೆಲಸಕ್ಕಿದ್ದಳು. ಬಿಳಿಯ ಯಜಮಾನಿ ಕಾರು ಹತ್ತಿ ಇಳಿಯುವಾಗ ಬಾಗಿಲು ಹಿಡಿದು ನಿಲ್ಲುವುದೂ ಅವಳ ಪಾಲಿಗೇ. ಒಂದು ಸಂಜೆ ಅವಳನ್ನು ಕರೆದೊಯ್ಯಲು ಬಂದ ವಾರ್ಡೆಲ್ ಬೀದಿಯಾಚೆಯಿಂದ ನೋಡಿದ. ಹಿಮ ಸುರಿಯುತ್ತಿತ್ತು. ಯಜಮಾನಿ ಕಾರಿನೊಳಗೆ ಕೂತು ತುಟಿಗೆ ಬಣ್ಣ ಹಚ್ಚಿ ಮುಗಿಸುವವರೆಗೂ ಲುವೀನಿಯಾ ಬರಿಗೈಯಲ್ಲಿ ಆ ಕೊರೆಯುವ ಹಿಡಿಕೆ ಹಿಡಿದು ನಿಂತೇ ಇದ್ದಳು. ಅಂದಿನಿಂದಲೇ ವಾರ್ಡೆಲ್ ದುಡ್ಡು ಕೂಡಿಡತೊಡಗಿದ. ಹೊಟ್ಟೆಬಟ್ಟೆ ಕಟ್ಟಿ ಒಂದು ಹಳೆಯ ಕ್ಯಾಡಿಲಾಕ್ ಕೊಂಡ. "ಇನ್ಮೇಲೆ ಗಾಡಿ ಬಾಗ್ಲು ನೀನು ಮುಟ್ಟಕೂಡ್ದು, ನಾನಿರೋತನಕ," ಎಂದ. ಆಮೇಲೆ ಗಾಡಿಗಳು ಬದಲಾದವು, ಮಾತು ಬದಲಾಗಲಿಲ್ಲ.

ಕಪ್ಪು ಜನರ ಆ ಕೇರಿಯವರು ಆಡಿಕೊಳ್ಳದೆ ಬಿಟ್ಟರೇ? 'ಕಿಟಕಿಗೆ ಪರದೆ ಇಲ್ಲ, ಮನೆ ಮುಂದೆ ಕ್ಯಾಡಿಲಾಕ್' ಎಂದರು. ಆಡಿಕೊಂಡವರೇ ಆಮೇಲೆ ಸಾಲಾಗಿ ಕೊಂಡರು, ಚಂದಾ ಎತ್ತಿ ಪಾದ್ರಿಗೂ ಒಂದು ಕೊಡಿಸಿದರು. ಮುಂದೆ ಪೆಟ್ರೋಲು ತುಟ್ಟಿಯಾಯಿತು. ಹುಡುಗರು ಜಪಾನಿನ, ಜರ್ಮನಿಯ ಗಾಡಿಗಳಿಗೆ ಮರುಳಾಗಿ ಇದನ್ನು 'ಮುದುಕರ ಹಡಗು' ಎಂದು ನಕ್ಕರು. ಈ ಬ್ರಿಯಾನಾಳೇ ಗೆಳತಿಯರು ನೋಡಿಯಾರೆಂದು ಶಾಲೆಗೆ ಒಂದು ಬೀದಿ ಮೊದಲೇ ಇಳಿದು ಓಡುತ್ತಿದ್ದಳು. ಈಗ ಅವಳೇ ಅದೇ ಹೆಸರಿನ, ಕರೆಂಟಿನಲ್ಲಿ ಓಡುವ ಹೊಸ ಗಾಡಿ ಕೊಂಡು ಊರ ತುಂಬ ಮೆರೆಸುತ್ತಿದ್ದಾಳೆ. ವಾರ್ಡೆಲ್‌ಗೆ ಅದರಿಂದ ಖುಷಿಯೂ ಆಗಿತ್ತು. ಆದರೆ ಪಾರ್ಶ್ವವಾಯು ಬಡಿದ ಮೇಲೆ ಅವನ ಅಂಗಿಯ ಗುಂಡಿಯನ್ನೂ ಲುವೀನಿಯಾಳೇ ಹಾಕಬೇಕು. ಹೋದ ವಾರ ತಮ್ಮ ಹಳೆಯ ಗಾಡಿಯನ್ನೂ ಮಾರಿಯಾಗಿತ್ತು. ಅವಳಿಗಾಗಿ ಅವನು ಮಾಡುವ ಕೆಲಸ ಎಂದು ಉಳಿದಿದ್ದು ಈ ಬಾಗಿಲೊಂದೇ.

ಲುವೀನಿಯಾ ತೆರೆದ ಬಾಗಿಲನ್ನೊಮ್ಮೆ ನೋಡಿದಳು. "ಮುಚ್ಚೇ ಅದನ್ನ," ಎಂದಳು.

"ಏನಜ್ಜಿ?"

"ಬಾಗ್ಲು ಮುಚ್ಚು ಅಂದೆ."

"ಚರ್ಚೊಳಗೆ ಹಾಡು ಶುರುವಾಯ್ತು ಅಜ್ಜಿ!"

"ಆಗ್ಲಿ ಬಿಡು. ಆ ಹಾಡು ನಂಗೆ ಬರತ್ತೆ."

ಬ್ರಿಯಾನಾ ಗೊಣಗುತ್ತ ಗುಂಡಿ ಒತ್ತಿದಳು. ಬಾಗಿಲು ಮುಚ್ಚಿಕೊಂಡಿತು. ಚರ್ಚಿನ ಮೆಟ್ಟಿಲ ಮೇಲೆ ಬೀಸಣಿಗೆ ಹಿಡಿದು ನಿಂತಿದ್ದ ಪರ್ಲೀನ್, ಲುವೀನಿಯಾಳ ಹಳೆಯ ಗೆಳತಿ, ಸುಮ್ಮನಿರುವವಳಲ್ಲ. "ಏನ್ ಲುವೀನಿಯಾ, ಹೊಸ ಗಾಡಿ ಸಿಕ್ತು ಅಂತ ದೇವ್ರನ್ನೇ ಮರೆತ್ಯಾ? ಇಳಿಯೇ!" ಎಂದು ಕೂಗಿದಳು.

"ತಡಿಯೇ ಮಾರಾಯ್ತಿ," ಲುವೀನಿಯಾ ಕಿಟಕಿಯಿಂದಲೇ ಹೇಳಿದಳು, "ನಮ್ಮೋರು ಬರ್ತಿದಾರೆ."

ನಮ್ಮೋರು ಎದ್ದು ನಿಂತರು. ವಾರ್ಡೆಲ್ ಎಡಗಾಲು ಎಳೆಯುತ್ತ, ಕೋಲೂರುತ್ತ ಕಾರನ್ನು ಬಳಸಿಕೊಂಡು ಹೊರಟ. ಕೈ ಕೊಡಲು ಮೆಟ್ಟಿಲಿಳಿದು ಬಂದವನೊಬ್ಬನನ್ನು ಕೋಲೆತ್ತಿಯೇ ಹಿಂದಕ್ಕೆ ಅಟ್ಟಿದ. ಅವನು ಆಚೆ ಬದಿ ಮುಟ್ಟುವಷ್ಟರಲ್ಲಿ ಒಳಗೆ ಮೊದಲ ಹಾಡು ಮುಗಿದೇ ಹೋಗಿತ್ತು. ಲುವೀನಿಯಾ ಟೋಪಿ ನೆಟ್ಟಗೆ ಮಾಡಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು, ಗದ್ದ ಎತ್ತಿ ನೇರ ಮುಂದೆ ನೋಡುತ್ತಿದ್ದಳು. ಅವನು ಬಾಗಿಲಿಗೆ ಬಂದಾಗ ಅವಳು ಯಾವತ್ತೂ ಹಾಗೆಯೇ ಕೂರುವುದು.

ವಾರ್ಡೆಲ್ ಕೈ ಚಾಚಿದ. ಹಿಡಿಕೆ ಸಿಗಲಿಲ್ಲ. ಮೇಲೆ ಸವರಿದ, ಕೆಳಗೆ ಸವರಿದ. ಬಾಗಿಲು ತಟ್ಟೆಯ ಹಾಗೆ ನುಣ್ಣಗಿತ್ತು. ಆಯುಷ್ಯವೆಲ್ಲ ಬಾಗಿಲು ಕೂರಿಸಿದವನ ಕಿವಿ ಬಿಸಿಯಾಯಿತು. ಮೆಟ್ಟಿಲ ಮೇಲಿನವರೆಲ್ಲ ನೋಡುತ್ತಿದ್ದರು. ಹಿಡಿಕೆ ಇರಬೇಕಾಗಿದ್ದ ಜಾಗದಲ್ಲಿ ಅಂಗೈಯನ್ನು ಸುಮ್ಮನೆ ಊರಿದ.

ಅಂಗೈಯ ಕೆಳಗೆ ಬಾಗಿಲು ಮೆಲ್ಲಗೆ ಅಲುಗಿತು. ವಾರ್ಡೆಲ್ ಗಾಜಿನೊಳಗೆ ಕಣ್ಣು ಹಾಯಿಸಿದ. ಬ್ರಿಯಾನಾ ಎಂದೂ ಇಲ್ಲದ ಭಕ್ತಿಯಿಂದ ಚರ್ಚಿನ ಶಿಲುಬೆಯನ್ನೇ ನೋಡುತ್ತಿದ್ದಳು. ಅವಳ ಬೆರಳು ಇನ್ನೂ ಗುಂಡಿಯ ಮೇಲಿತ್ತು. ಅವನ ಕಣ್ಣು ತುಂಬಿ ಬಂತು. ಬಾಗಿಲು ಪೂರ್ತಿ ತೆರೆಯುವವರೆಗೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

"ಬರೋಣವಾಗ್ಲಿ ಮಹಾರಾಣಿ."

ಲುವೀನಿಯಾ ಬಿಳಿ ಗ್ಲೌಸಿನ ಕೈಯನ್ನು ಅವನ ಕೈಯಲ್ಲಿಟ್ಟು ಇಳಿದಳು. "ಇವತ್ತು ತಡ ಆಯ್ತಲ್ಲ?"

"ಹೊಸ ಬಾಗ್ಲು ಕಣೆ. ಸ್ವಲ್ಪ ಬಿಗಿ."

"ಮತ್ತೆ?" ಎಂದಳು ಲುವೀನಿಯಾ, ಮುಂದಿನ ಸೀಟಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ಬೇರೆಯವರ ಕೈಲಿ ಆಗ್ತಿತ್ತಾ ಅದು?"