ಭೂತಗನ್ನಡಿ ಹೊರಬರುವ ಹೊತ್ತು

“ಸಾಧಾರಣ,” ಎಂದರು ಹಳೆ ಗೊಂಬೆಗಳ ವ್ಯಾಪಾರಿ, ತಗಡಿನ ಸಿಪಾಯಿಯ ಮೇಲಿಂದ ಭೂತಗನ್ನಡಿ ಎತ್ತದೆ. “ಮೂಗಿನ ಬಣ್ಣ ಹೋಗಿದೆ, ಮೊಣಕಾಲಲ್ಲಿ ತುಕ್ಕು. ಅರ್ಧ ಬೆಲೆಯೂ ಕಷ್ಟ, ತಂಗೀ.”

ಗಂಡ ತೀರಿಕೊಂಡ ಮೇಲೆ, ಹೊಲಿಗೆ ಯಂತ್ರ ಕೊಳ್ಳಲೆಂದು ಆ ಸಿಪಾಯಿಯನ್ನು ಮಾರಲು ಬಂದವಳು ಚೀಲದಿಂದ ಒಂದು ಚೀಟಿ ತೆಗೆದಿಟ್ಟಳು. ಎರಡು ವರ್ಷದ ಹಿಂದೆ ಇದೇ ಗೊಂಬೆಯನ್ನು ಅವಳ ಗಂಡನಿಗೆ ಮಾರುವಾಗ ವ್ಯಾಪಾರಿಯೇ ಬರೆದುಕೊಟ್ಟದ್ದು: ‘ಅತ್ಯುತ್ತಮ’.

“ಅವರು ಇದನ್ನ ಡಬ್ಬಿಯಿಂದ ಆಚೆ ತೆಗೆದವರೇ ಅಲ್ಲ, ಅಣ್ಣಾ. ತುಕ್ಕು ಅವತ್ತೂ ಇತ್ತು. ನಿಮ್ಮ ಭೂತಗನ್ನಡಿ ಅವತ್ತು ಎಲ್ಲಿತ್ತು?”

ಮೇಜಿನ ಖಾನೆಯಲ್ಲಿತ್ತು. ಕೊಳ್ಳುವಾಗಷ್ಟೇ ಅದು ಹೊರಬರುತ್ತದೆ ಎಂಬುದು ದೇವರಿಗೂ ವ್ಯಾಪಾರಿಗೂ ಮಾತ್ರ ಗೊತ್ತಿದ್ದ ಸಂಗತಿ.

“ಅವತ್ತಿನ ಬೆಲೆನೇ ಕೊಡ್ತೀನಿ, ಕೂತ್ಕೋ,” ಎಂದು ಎದ್ದವರು, ಭೂತಗನ್ನಡಿಯನ್ನು ಖಾನೆಗೆ ಹಾಕದೆ ಮೇಜಿನ ಮೇಲೇ ಬಿಟ್ಟು, ಗಾಜಿನ ಕಪಾಟು ತೆರೆದು, ‘ಅತ್ಯುತ್ತಮ’ ಎಂಬ ಚೀಟಿ ಅಂಟಿಸಿದ್ದ ಗೊಂಬೆಗಳನ್ನೆಲ್ಲ ಒಂದೊಂದಾಗಿ ಮೇಜಿಗೆ ಇಳಿಸತೊಡಗಿದರು.